ಹೂ ಮುಡಿಸಿ ಕಳಿಸಿದ್ದು

ಮಸೇರು, ಲೆಸೊಥೊ
12 ಮಾರ್ಚ್ 2023

ಶರಣ ಮಾಮನಿಗೆ,

ಕಾಗದ ನೋಡಿ ಗಾಬರಿಯಾಗಬೇಡಿ, ನನಗೇನೂ ಆಗಿಲ್ಲ. ಈ ಕಾಲದಲ್ಲಿ ಅಂಚೆಯಲ್ಲಿ ಯಾರು ಬರೆಯುತ್ತಾರೆ ಎಂದು ನಿಮ್ಮ ರೈಸ್ ಮಿಲ್ಲಿನವರು ನಗಬಹುದು, ನಗಲಿ. ನಮ್ಮ ಮನೆಯಲ್ಲಿ ಒಬ್ಬರ ಹತ್ತಿರ ಫೋನಿನಲ್ಲಿ ಮಾತಾಡುವುದು ಎಲ್ಲಿ ಸಾಧ್ಯ? ಅಜ್ಜಿ ಸ್ಪೀಕರ್ ಹಾಕಿಸದೆ ಬಿಡುವುದಿಲ್ಲ. ಹೋದ ಭಾನುವಾರ ನೆಗಡಿ ಅಂದೆ, ಪಕ್ಕದ ಮನೆಯ ಗಾದೆಮ್ಮ ಗೋಡೆಯ ಆಚೆಯಿಂದ "ಅರಿಶಿಣದ ಹಾಲು ಕುಡಿಯವ್ವಾ" ಎಂದು ಕೂಗಿದಳು. ಮೆಸೇಜು ಹಾಕಿದರೆ ಅಜ್ಜಿ ಯಾರ ಕೈಲಾದರೂ ಓದಿಸುತ್ತಾಳೆ. ನಿಮ್ಮ ಫೋನು ನಿಮ್ಮದಲ್ಲ, ಇಡೀ ಮನೆಯದು. ಅದಕ್ಕೇ ಮಿಲ್ಲಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಕಾಶೆಯಲ್ಲಿ ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಒಂದು ಸಣ್ಣ ದೇಶ ಕಾಣುತ್ತದಲ್ಲ, ನಾನಿರುವುದು ಅಲ್ಲಿ. ಬಳ್ಳಾರಿಯ ಯೂನಿಟ್ಟಿನಲ್ಲಿ ಮಾಡುತ್ತಿದ್ದ ಕೆಲಸವೇ ಇಲ್ಲೂ, ಜೀನ್ಸ್ ಪ್ಯಾಂಟಿಗೆ ಪ್ಯಾಟರ್ನ್ ಹಾಕುವುದು. ಅಲ್ಲಿ ರಟ್ಟಿನ ಮೇಲೆ ಹಾಕುತ್ತಿದ್ದೆ, ಇಲ್ಲಿ ಕಂಪ್ಯೂಟರಿನಲ್ಲಿ. ಅಲ್ಲಿ "ಏ ಸೌಂದರ್ಯಾ" ಅನ್ನುತ್ತಿದ್ದರು, ಇಲ್ಲಿ ಮೇಡಂ ಅನ್ನುತ್ತಾರೆ. ಬಿಸಿಲು ಮಾತ್ರ ಬಳ್ಳಾರಿಯ ಬಿಸಿಲಲ್ಲ. ಬೆಳಗಿನ ಹೊತ್ತು ಈಗಲೇ ಚಳಿ ಶುರುವಾಗಿದೆ.

ಹೊರಡುವ ಹಿಂದಿನ ಸಂಜೆ ಸಿರುಗುಪ್ಪದಲ್ಲಿ ಅಜ್ಜಿ ಹೂ ಮುಡಿಸಿದಳಲ್ಲ, ಆ ಮಲ್ಲಿಗೆ ರೈಲಿನಲ್ಲೇ ಬಾಡಿತು. ತೆಗೆದು ಎಲ್ಲಿ ಬಿಸಾಡುವುದು ತಿಳಿಯದೆ ಬೆಂಗಳೂರಿನವರೆಗೆ ಮುಡಿದುಕೊಂಡೇ ಹೋದೆ. ಮೊನ್ನೆ ಅವ್ವ ಹೇಳಿದಳು: "ಹೂ ಮುಡಿಸಿದ ಮ್ಯಾಲ ನೀನು ಶರಣನ ಹೆಣ್ತಿ ಆದಂಗ. ನನ್ನ ತಮ್ಮಗ ಕೊಟ್ರ ನನ್ನ ಮಗಳು ನನ್ನ ಕಣ್ಣ ಮುಂದ ಇರ್ತಾಳ. ಇನ್ನ ಮಾಮಗ ನೀನು ತಾನು ಅನಬ್ಯಾಡ." ಅದಕ್ಕೇ ಈ 'ನೀವು'. ಎರಡು ವರ್ಷದ ಒಪ್ಪಂದ ಮುಗಿಸಿ ನಾನು ಬಂದ ಕೂಡಲೇ ಲಗ್ನವಂತೆ.

ನಿಮ್ಮನ್ನು ಒಂದು ಮಾತು ಕೇಳಬೇಕೆಂದೇ ಈ ಕಾಗದ ಶುರು ಮಾಡಿದ್ದು. ಬರೆಯುತ್ತ ಬರೆಯುತ್ತ ಧೈರ್ಯ ಸಾಲದಾಯಿತು. ಇನ್ನೊಮ್ಮೆ ಕೇಳುತ್ತೇನೆ.

ಸೌಂದರ್ಯ


ಸಿರುಗುಪ್ಪ
25 ಏಪ್ರಿಲ್ 2023

ಸೌಂದಿ,

ನಿನ್ನ ಕಾಗದ ಮೊದಲು ಸಾಹುಕಾರರ ಕೈಗೆ ಹೋಯಿತು. ವಿದೇಶದ ಸ್ಟಾಂಪು ನೋಡಿ ಯಾರೋ ಅಕ್ಕಿಗೆ ಆರ್ಡರ್ ಕೊಟ್ಟಿದ್ದಾರೆ ಎಂದು ಖುಷಿಯಾಗಿದ್ದರು. ನನ್ನ ಹೆಸರು ನೋಡಿ ಮುಖ ಇಳಿಬಿಟ್ಟು ಕೊಟ್ಟರು.

'ನೀವು' ಎಂದು ಓದಿದಾಗ ನನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಅಕ್ಕ ಹೇಳಿದ್ದಾಳೆ ಅಂದಮೇಲೆ ನಾನೇನು ಹೇಳಲಿ. ನಿನಗೆ ಹೇಗೆ ಸರಿ ಅನ್ನಿಸುತ್ತದೋ ಹಾಗೆ ಬರಿ.

ಇಲ್ಲಿ ಎರಡನೇ ಬೆಳೆಯ ಭತ್ತ ಬರುತ್ತಿದೆ. ಲಾರಿಗಳು ಮಿಲ್ಲಿನ ಗೇಟಿನಿಂದ ಆದೋನಿ ರೋಡಿನವರೆಗೆ ನಿಂತಿವೆ. ಬಿಸಿಲಿನ ಮಾತು ಕೇಳಲೇಬೇಡ. ತಲೆಯಿಂದ ಕಾಲಿನವರೆಗೆ ಹೊಟ್ಟಿನ ದೂಳು, ಮನೆಗೆ ಹೋದರೆ ಅವ್ವ ಗುರುತು ಹಿಡಿಯುವುದಿಲ್ಲ. ಗುರುತು ಹಿಡಿದ ಕೂಡಲೇ ನಿನ್ನ ಮಾತು ತೆಗೆಯುತ್ತಾಳೆ. ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಎಲ್ಲ ಕಡೆ "ನಮ್ಮ ಸೊಸಿ ಫಾರಿನ್ನಿನ್ಯಾಗ ಅದಾಳ" ಎಂದು ಹೇಳಿ ಬಂದಿದ್ದಾಳೆ.

ಮಲ್ಲಿಗೆಯನ್ನು ಬೆಂಗಳೂರಿನವರೆಗೆ ಮುಡಿದುಕೊಂಡಿದ್ದೆ ಎಂದು ಬರೆದಿದ್ದೀಯ. ಅಷ್ಟು ಮನಸ್ಸಿಟ್ಟು ಮುಡಿದಿದ್ದೀ ಎಂದು ನನಗೆ ಗೊತ್ತಿರಲಿಲ್ಲ.

ಅವಸರ ಏನೂ ಇಲ್ಲ. ನೀನು ಬರುವವರೆಗೆ ಕಾಯುತ್ತೇನೆ ಎಂದು ಅವ್ವನಿಗೂ ಅಕ್ಕನಿಗೂ ಹೇಳಿದ್ದೇನೆ. ಬೇರೆ ಹೆಣ್ಣು ನೋಡು ಎಂದು ಬರುತ್ತಿದ್ದವರೆಲ್ಲ ಬಾಯಿ ಮುಚ್ಚಿದ್ದಾರೆ, ಅಷ್ಟು ನೆಮ್ಮದಿ. ನೀನು ಹಾಯಾಗಿ ಕೆಲಸ ಮಾಡು. ಊರು ನೋಡು. ನಾಲ್ಕು ಜನರ ಹತ್ತಿರ ಬೆರೆ. ನೀನು ಕೇಳಬೇಕೆಂದಿದ್ದ ಮಾತು ಯಾವುದು?

ಶರಣ


ಮಸೇರು
16 ಜುಲೈ 2023

ಮಾಮನಿಗೆ,

ಇಲ್ಲಿ ಈಗ ನಡು ಚಳಿಗಾಲ. ಜುಲೈನಲ್ಲಿ ಚಳಿ ಅಂದರೆ ನಿಮ್ಮ ಮಿಲ್ಲಿನಲ್ಲಿ ಯಾರೂ ನಂಬುವುದಿಲ್ಲ. ಊರ ಸುತ್ತಲಿನ ಗುಡ್ಡಗಳ ತಲೆ ಬೆಳ್ಳಗಾಗಿದೆ. ನಮ್ಮ ಕುರುಗೋಡಿನ ಗುಡ್ಡಕ್ಕೆ ಯಾರೋ ಸುಣ್ಣ ಬಳಿದ ಹಾಗೆ. ಜನ ದಪ್ಪ ಕಂಬಳಿ ಹೊದ್ದು, ಎದೆಯ ಹತ್ತಿರ ದೊಡ್ಡ ಪಿನ್ನು ಸಿಕ್ಕಿಸಿಕೊಂಡು, ಆಫೀಸಿಗೂ ಹಾಗೇ ಬರುತ್ತಾರೆ. ನಾನೂ ಒಂದು ತೆಗೆದುಕೊಂಡೆ.

ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಂಗಸರು ಹಾಡುತ್ತಾರೆ. ಒಬ್ಬಳು ಎತ್ತಿಕೊಂಡರೆ ಇಡೀ ಲೈನು ಸೇರಿಕೊಳ್ಳುತ್ತದೆ, ಮಷೀನುಗಳ ಸದ್ದು ಕೆಳಗೆ ಬೀಳುತ್ತದೆ. ನನ್ನ ಕೈ ಕೆಳಗೆ ಪಲೇಸಾ ಎನ್ನುವವಳು ಇದ್ದಾಳೆ, ನನಗಿಂತ ದೊಡ್ಡವಳು, ನನ್ನನ್ನು 'ಔಸಿ' ಅನ್ನುತ್ತಾಳೆ. ಅಕ್ಕ ಅಂದ ಹಾಗೆ. ಅವರ ಊಟ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪು. ಥೇಟ್ ನಮ್ಮ ಸಂಗಟಿ. ಮೊದಲ ದಿನ ತಿಂದಾಗ ಕಣ್ಣಲ್ಲಿ ನೀರು ಬಂತು, ಖಾರ ಅಂದೆ. ಖಾರವೇ ಇರಲಿಲ್ಲ.

ಕ್ವಾರ್ಟರ್ಸಿನಲ್ಲಿ ಹೀಟರ್ ಇದೆ. ಒಡಿಶಾದ ಒಬ್ಬಳು ಜೊತೆಗಿದ್ದಾಳೆ, ಒಬ್ಬಳೇ ಅನ್ನಿಸುವುದಿಲ್ಲ. ಅಜ್ಜಿ ಕೇಳಿದರೆ ಹಾಗೇ ಹೇಳಿ.

ನೀವು ಕಾಯುತ್ತೇನೆ ಎಂದು ಬರೆದಿದ್ದನ್ನು ಓದಿದೆ. ಎಷ್ಟು ಹೊತ್ತಾದರೂ ಕಾಯುತ್ತೇನೆ ಅನ್ನುವವರಿಗೆ ಏನು ಉತ್ತರ ಬರೆಯಬೇಕೋ ನನಗೆ ತಿಳಿಯದು. ನಿಮ್ಮದು ದೊಡ್ಡ ಮನಸ್ಸು. ಆ ಮಾತು ಇರಲಿ ಬಿಡಿ, ಕೇಳುವಂಥದ್ದೇನೂ ಅಲ್ಲ.

ಸೌಂದರ್ಯ


ಸಿರುಗುಪ್ಪ
3 ಡಿಸೆಂಬರ್ 2023

ಸೌಂದಿ,

ಉತ್ತರ ತಡವಾಯಿತು. ಕೊಯ್ಲು, ಮಿಲ್ಲು, ಮಧ್ಯದಲ್ಲಿ ನನಗೂ ಜ್ವರ. ಈಗ ಆರಾಮ ಇದ್ದೇನೆ.

ನಿನ್ನ ಕಾಗದವನ್ನು ಎರಡು ಮೂರು ಸಲ ಓದಿದೆ. ಹಾಡು, ಹಿಮ, ಸಂಗಟಿ, ಎಲ್ಲ ಕಣ್ಣಿಗೆ ಕಟ್ಟಿತು. ಅಲ್ಲಿ ನೀನು ಸುಖವಾಗಿರುವುದು ಅಕ್ಷರದಲ್ಲೇ ಗೊತ್ತಾಗುತ್ತದೆ. ಇಲ್ಲಿದ್ದಾಗ ನಿನ್ನ ಕೈಬರಹ ಕೋಳಿ ಕೆದರಿದಂತೆ ಇರುತ್ತಿತ್ತು, ಈಗ ಒಂದೊಂದೂ ನಿಧಾನವಾಗಿ ಬರೆದ ಹಾಗಿದೆ. ಜೊತೆಗೆ ಒಬ್ಬಳಿದ್ದಾಳೆ ಅಂದದ್ದು ಕೇಳಿ ಅವ್ವನಿಗೂ ಸಮಾಧಾನವಾಯಿತು.

ಮೊನ್ನೆ ಕುರುಗೋಡಿಗೆ ಹೋಗಿದ್ದೆ. ಸಿರಿಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ನಿನ್ನ ಹಳೆಯ ಸಾಲಿಯ ಮಾಸ್ತರರು ಸಿಕ್ಕರು. "ಸೈಕಲ್ ಬಾರಿನ ಮ್ಯಾಲ ಕೂಡಿಸ್ಕಂಡ್ ಬರ್ತಿದ್ಯಲ್ಲಪ, ಆ ಹುಡುಗಿ ಎಲ್ಲೈತಿ?" ಎಂದು ಕೇಳಿದರು. ನೀನು ಹುಟ್ಟಿದ ಮೇಲೆ ಅಕ್ಕನಿಗೆ ಮೈಗೆ ಹುಷಾರಿರಲಿಲ್ಲ, ನಿನ್ನ ಸಾಲಿಯ ಮೊದಲ ವರ್ಷಗಳು ಸಿರುಗುಪ್ಪದಲ್ಲೇ ಕಳೆದವು. ನಿನ್ನ ಜಡೆ ಹಾಕಲು ನನಗೆ ಬರುತ್ತಿರಲಿಲ್ಲ. ಗಾದೆಮ್ಮನ ಹತ್ತಿರ ಕಲಿತೆ. ಓಣಿಯ ಹುಡುಗರು ಎಷ್ಟು ನಕ್ಕರು ಎಂಬುದು ನಿನಗೆ ನೆನಪಿರಲಿಕ್ಕಿಲ್ಲ. ಮಾಸ್ತರರಿಗೆ ಫಾರಿನ್ನಿನಲ್ಲಿದ್ದಾಳೆ ಎಂದೆ. ನಿನಗೆ ಹೂ ಮುಡಿಸಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ಅವ್ವ ತನ್ನ ಬೋರಮಾಳ ತೊಳೆಸಿ ತಂದಿದ್ದಾಳೆ. ನಿನ್ನ ಕೊರಳಿಗೆ ಎಂದು.

ಶರಣ


ಮಸೇರು
18 ಫೆಬ್ರವರಿ 2024
(ಅಂಚೆಗೆ ಹಾಕಲಿಲ್ಲ)

ಮಾಮ,

ಇವತ್ತು ಪಲೇಸಾ ಕೇಳಿದಳು, ನಿನ್ನನ್ನು ಮದುವೆಯಾಗುವವನು ಯಾರು ಎಂದು. ನನ್ನ ಅವ್ವನ ತಮ್ಮ ಎಂದೆ. ಅವರ ಭಾಷೆಯಲ್ಲಿ ಸೋದರಮಾವನಿಗೆ 'ಮಲೋಮೆ' ಅನ್ನುತ್ತಾರೆ. ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ನಮ್ಮ ಕಡೆ ಇದು ಇದ್ದದ್ದೇ, ನಮ್ಮ ಓಣಿಯಲ್ಲೇ ಎಷ್ಟು ಮನೆಗಳಿವೆ ಎಂದು ಹೇಳಿದೆ. ಕೇಳಿಸಿಕೊಂಡಳು, ತಪ್ಪು ಅಂತ ಅನ್ನಲಿಲ್ಲ. "ನಿನಗೆ ಇಷ್ಟವಾ?" ಎಂದಷ್ಟೇ ಕೇಳಿದಳು. ಇಲ್ಲಿಯವರೆಗೆ ಈ ಮಾತನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ಮೊದಲ ಕಾಗದದಲ್ಲಿ ನಾನು ನಿನ್ನನ್ನು ಕೇಳಬೇಕೆಂದಿದ್ದೂ ಇದೇ ಮಾತು.

ಇಷ್ಟವಿಲ್ಲ ಮಾಮ. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನಂಥವರು ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದೂ ನಿಜ. ಆದರೆ ನಿನ್ನನ್ನು ನೆನೆಸಿದರೆ ಸೈಕಲ್ಲಿನ ಬಾರು ನೆನಪಾಗುತ್ತದೆ. ನೀನು ಜಡೆ ಎಳೆದು ಕಟ್ಟುತ್ತಿದ್ದದ್ದು ನೆನಪಾಗುತ್ತದೆ, ನನಗೂ ನೆನಪಿದೆ. ಗಂಡ ಎಂದು ಮನಸ್ಸು ಒಪ್ಪುವುದಿಲ್ಲ. ಅವತ್ತು ಅಜ್ಜಿ ಹೂ ಹಿಡಿದು ಬಂದಾಗ ಪ್ರಯಾಣಕ್ಕೆ ಹೊರಟವಳಿಗೆ ಹರಸುತ್ತಿದ್ದಾಳೆ ಅಂದುಕೊಂಡೆ. ಮುಡಿದ ಮೇಲೆ ಎಲ್ಲರೂ ಸಕ್ಕರೆ ಹಂಚಿಕೊಂಡಾಗ ಗೊತ್ತಾಯಿತು. ನೀನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ನೀನು ಅಷ್ಟು ಸಂತೋಷದಿಂದ ನಿಂತಿರುವಾಗ ನಾನು ಏನೆಂದು ಹೇಳಬೇಕಿತ್ತು?

ಒಡಿಶಾದವಳು ಹೋದ ವರ್ಷ ಮೇ ತಿಂಗಳಲ್ಲೇ ಕೆಲಸ ಬಿಟ್ಟು ಹೋದಳು. ನಾನು ಒಬ್ಬಳೇ ಇದ್ದೇನೆ. ಹೀಟರ್ ಕೆಟ್ಟು ಎಷ್ಟೋ ದಿನವಾಯಿತು. ದಿನವೂ ಊರಿಗೆ ಹೋಗಬೇಕು ಅನ್ನಿಸುತ್ತದೆ, ಊರು ಅಂದ ಕೂಡಲೇ ಲಗ್ನ ನೆನಪಾಗಿ ಮತ್ತೆ ಕೆಲಸಕ್ಕೆ ಕೂರುತ್ತೇನೆ.

ಇದನ್ನು ನಿನಗೆ ಹೇಗೆ ಕಳಿಸಲಿ? ನೀನು ಕಾಯುತ್ತಿದ್ದೀಯ.


ಸಿರುಗುಪ್ಪ
8 ಡಿಸೆಂಬರ್ 2024

ಸೌಂದಿ,

ವರ್ಷದ ಮೇಲಾಯಿತು ನಿನ್ನ ಕಾಗದ ಬಂದು. ಭಾನುವಾರದ ವಿಡಿಯೊದಲ್ಲಿ ನಿನ್ನ ಮುಖ ನೋಡುತ್ತೇನೆ, ಆದರೆ ಅಲ್ಲಿ ಮಾತಾಡುವುದು ಅವ್ವ, ಉತ್ತರ ಹೇಳುವುದು ಅಕ್ಕ. ನೀನು 'ಹೂಂ' ಅನ್ನುತ್ತೀಯ. ಕೆಲಸ ಜಾಸ್ತಿ ಇರಬೇಕು.

ಬರುವ ಫೆಬ್ರವರಿಗೆ ನಿನ್ನ ಒಪ್ಪಂದ ಮುಗಿಯುತ್ತದೆ. ಮನೆಯಲ್ಲಿ ಛತ್ರ ನೋಡುವ ಮಾತು ನಡೆದಿದೆ. ನಾನು ಹೇಳುವುದು ಇಷ್ಟೇ. ನಿನಗೆ ಅಲ್ಲಿ ಮನಸ್ಸಿಗೆ ಬಂದಿದ್ದರೆ ಇನ್ನೂ ಎರಡು ವರ್ಷಕ್ಕೆ ಸಹಿ ಹಾಕು. ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ನಿಮ್ಮಪ್ಪ ಮರಿಬಸಪ್ಪ ಭಾವನವರು ಬೈಯುತ್ತಾರೆ, ಬೈಸಿಕೊಂಡು ರೂಢಿಯಿದೆ. ಯಾವ ಭಾರವನ್ನೂ ತಲೆಯ ಮೇಲೆ ಇಟ್ಟುಕೊಳ್ಳಬೇಡ. ಅಲ್ಲಿ ನಿನಗೆ ಬೇರೆ ಏನಾದರೂ ದಾರಿ ಕಂಡರೆ, ಯಾರಾದರೂ ಒಳ್ಳೆಯವರು ಕಂಡರೆ, ನನಗೆ ಬರೆಯಲು ಹಿಂಜರಿಯಬೇಡ. ಮನೆಯವರಿಗೆ ಹೇಗೆ ಹೇಳಬೇಕೋ ನಾನು ಹೇಳುತ್ತೇನೆ.

ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ.

ಶರಣ


ಮಸೇರು
19 ಜನವರಿ 2025

ಮಾಮನಿಗೆ,

ಸಹಿ ಹಾಕಿದೆ. ಇನ್ನೂ ಎರಡು ವರ್ಷ.

ನನ್ನನ್ನು ಪರೀಕ್ಷೆ ಮಾಡುವ ಅಗತ್ಯವಿರಲಿಲ್ಲ. ಇಲ್ಲಿ ಬೇರೆ ಯಾರೂ ಕಂಡಿಲ್ಲ, ಕಾಣುವುದೂ ಇಲ್ಲ. ಹೂ ಮುಡಿದವಳು ಹೇಗಿರಬೇಕೋ ಹಾಗೇ ಇದ್ದೇನೆ ಎಂದು ಅಜ್ಜಿಗೂ ಅವ್ವನಿಗೂ ಹೇಳಿ.

ಊರಿಗೆ ಎಂದು ಹೊಸ ಸೂಟ್‌ಕೇಸ್ ತಂದಿಟ್ಟಿದ್ದೆ. ಅದರಲ್ಲಿ ಈಗ ಚಳಿಗಾಲದ ಬಟ್ಟೆ ತುಂಬಿ ಮಂಚದ ಕೆಳಗೆ ತಳ್ಳಿದ್ದೇನೆ. ಎಲ್ಲ ಚೆನ್ನಾಗಿದೆ.

ಸೌಂದರ್ಯ


ಮಸೇರು
1 ಜೂನ್ 2025

ಮಾಮನಿಗೆ,

ಅಜ್ಜಿ ಬಿದ್ದದ್ದನ್ನು ಯಾಕೆ ಮುಚ್ಚಿಟ್ಟಿರಿ? ಮೂರು ಭಾನುವಾರ ಅವಳ ಮುಖವನ್ನು ಮಾತ್ರ ತೋರಿಸಿದಿರಿ. ಹಿಂದಿನ ಗೋಡೆ ಸಿರುಗುಪ್ಪದ ಮನೆಯದಲ್ಲ, ಮಿಲ್ಲಿನ ಕ್ಯಾಲೆಂಡರ್ ಕಾಣಲಿಲ್ಲ. ತಂಗಿ ಅನುಷಾಳನ್ನು ಹಿಡಿದು ಕೇಳಿದಾಗ ಬಾಯಿ ಬಿಟ್ಟಳು. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದು, ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾಳಂತೆ. ಲಗ್ನ ನೋಡಿ ಕಣ್ಣು ಮುಚ್ಚುತ್ತೇನೆ ಅನ್ನುತ್ತಿದ್ದಾಳಂತೆ.

ನಾನೂ ಮುಚ್ಚಿಟ್ಟಿದ್ದೇನೆ, ಈಗ ಹೇಳುತ್ತೇನೆ. ಫ್ಯಾಕ್ಟರಿಯಲ್ಲಿ ಆರ್ಡರ್ ಇಲ್ಲ. ವಾರಕ್ಕೆ ಮೂರು ದಿನ ಕೆಲಸ. ಅರ್ಧ ಲೈನುಗಳಿಗೆ ಬಟ್ಟೆ ಹೊದಿಸಿದ್ದಾರೆ. ಪಲೇಸಾ ಉಳಿದಿದ್ದಾಳೆ, ಹಾಡುವವರಲ್ಲಿ ಬಹಳ ಮಂದಿ ಹೋದರು. ನನ್ನ ಜೊತೆಗೆ ಯಾರೂ ಇಲ್ಲ, ಬಂದ ಸ್ವಲ್ಪ ದಿನದಿಂದಲೇ ಇರಲಿಲ್ಲ. ಹೋದ ಚಳಿಗಾಲದಲ್ಲಿ ಕೆಮ್ಮು ಹಿಡಿದು ಹದಿನೈದು ದಿನ ಮಲಗಿದ್ದೆ, ನಿಮಗೆ ಓವರ್‌ಟೈಮ್ ಎಂದು ಹೇಳಿದೆ. ಈ ಚಳಿಗಾಲ ನನ್ನ ಕೈಲಿ ಆಗುವುದಿಲ್ಲ.

ನನಗೆ ಸಾಕಾಗಿದೆ ಮಾಮ. ನನಗೆ ಊರಿಗೆ ಬರಬೇಕು. ಬಸ್ಸಿನ ಕಿಟಕಿಯಲ್ಲಿ ಕೂತು ಬಿಸಿಗಾಳಿ ತಿನ್ನಬೇಕು. ಅವ್ವನ ಕೈಲಿ ಬೈಸಿಕೊಳ್ಳಬೇಕು. ಊರಿಗೆ ಬರಬೇಕಾದರೆ ಲಗ್ನವಾಗಲೇಬೇಕು ಅಂದರೆ ಆಗುತ್ತೇನೆ. ಒಲ್ಲೆ ಅನ್ನುವುದಕ್ಕೂ ಮೈಯಲ್ಲಿ ಕಸುವು ಬೇಕು, ನನ್ನಲ್ಲಿ ಉಳಿದಿಲ್ಲ. ಶ್ರಾವಣದಲ್ಲಿ ಮುಹೂರ್ತ ಇಡಿಸಿ. ಅಜ್ಜಿಗೆ ನೀವೇ ಹೇಳಿ, ಸ್ಪೀಕರಿನಲ್ಲಿ ಇದನ್ನು ಹೇಳಲು ನನ್ನಿಂದ ಆಗದು.

ಸೌಂದರ್ಯ


ಸಿರುಗುಪ್ಪ
5 ಜೂನ್ 2025

ಸೌಂದಿ,

ಈ ಕಾಗದ ಓದುವಾಗ ಎಲ್ಲಾದರೂ ಕೂತುಕೋ. ನಾನು ಒಲ್ಲೆ ಎಂದು ಹೇಳಿಬಿಟ್ಟೆ.

ಅವ್ವ ಬಚ್ಚಲಲ್ಲಿ ಬಿದ್ದು ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾಳೆ, ಆಪರೇಷನ್ ಚೆನ್ನಾಗಿ ಆಗಿದೆ, ಭಯವಿಲ್ಲ. ಮೊನ್ನೆ ಅಕ್ಕ, ಭಾವ, ನಾನು ಅಲ್ಲೇ ಇದ್ದೆವು. ಅವ್ವ ನನ್ನ ಕೈಗೆ ಫೋನು ಕೊಟ್ಟಳು. "ಅಜ್ಜಿ ಸಾಯಾಕ ಬಿದ್ದಾಳ ಅಂತ ಹೇಳು. ಹಂಗಂದ್ರ ಓಡಿ ಬರ್ತಾಳ. ಬಂದ ವಾರದಾಗ ತಾಳಿ ಕಟ್ಟು." ಅಕ್ಕ ನಿನ್ನ ನಂಬರು ಒತ್ತಿಯೇ ಕೊಟ್ಟಿದ್ದಳು. ರಿಂಗಾಗುವ ಮೊದಲು ಕಟ್ ಮಾಡಿದೆ.

"ಅವ್ವಾ, ಸುಳ್ಳು ಹೇಳಿ ಕರಸಂಗಿಲ್ಲ. ನಾ ಸೌಂದಿನ ಲಗ್ನನೂ ಆಗಂಗಿಲ್ಲ."

"ಯಾಕಲೇ? ಏನ್ ಕಮ್ಮಿ ಆಗೈತಿ ಆಕಿಗೆ?"

"ಆಕಿಗೆ ಏನೂ ಕಮ್ಮಿ ಆಗಿಲ್ಲ. ಆಕಿ ಮೂಗು ಒರೆಸಿ ಬೆಳಸೀನಿ. ನನಗ ಆಕಿ ಮಗಳಿದ್ದಂಗ. ನಂದ ಮನಸಿಲ್ಲ, ಆಕಿದೇನೂ ತಪ್ಪಿಲ್ಲ."

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಹೂ ಮುಡಿಸಿ ಎರಡ್ ವರ್ಷ ಕೂಡ್ಸಿ ಈಗ ಒಲ್ಲೆ ಅಂತೀಯಲ್ಲೋ ತಮ್ಮಾ. ಇನ್ನ ನನ್ನ ಮಗಳ್ನ ಯಾರ್ ಕೇಳ್ತಾರ? ಕುರುಗೋಡಿಗೆ ಕಾಲಿಡಬ್ಯಾಡ" ಎಂದಳು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಅವತ್ತಿನಿಂದ ನಾನು ತಂದ ಊಟ ಮುಟ್ಟಿಲ್ಲ. ಡಿಸ್ಚಾರ್ಜ್ ಆದ ಮೇಲೆ ಅಕ್ಕನ ಮನೆಗೇ ಹೋಗುತ್ತಾಳಂತೆ. ನಿನಗೆ ಈ ಸುದ್ದಿ ಹೇಳಬಾರದು ಎಂದು ಎಲ್ಲರಿಗೂ ಆಣೆ ಹಾಕಿಸಿದ್ದಾರೆ. ದೂರದಲ್ಲಿ ಒಬ್ಬಳೇ ಇರುವ ಹುಡುಗಿ ಏನಾದರೂ ಮಾಡಿಕೊಂಡಾಳು ಎಂಬ ಹೆದರಿಕೆ. ನಾನು ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮಾತು ಬದಲಾಯಿಸಿಬಿಡುತ್ತೇನೆ ಎಂಬ ಹೆದರಿಕೆ ನನ್ನದು.

ಇದನ್ನು ಅವತ್ತೇ ಹೇಳಬೇಕಿತ್ತು. ಅವ್ವ ಹೂ ಹಿಡಿದು ಬಂದಾಗ ನೀನು ಒಂದು ಮಾತೂ ಆಡದೆ ತಲೆ ಬಗ್ಗಿಸಿದೆ. ಇವಳು ಒಪ್ಪಿದ್ದಾಳೆ ಅಂದುಕೊಂಡೆ. ಒಪ್ಪಿದ ಹುಡುಗಿಯನ್ನು ಎಲ್ಲರೆದುರು ಗಂಡು ಬೇಡ ಅಂದರೆ ಅವಳ ಹೆಸರು ಏನಾಗುತ್ತದೆ? ನಗು ತಂದುಕೊಂಡು ನಿಂತೆ. ನೀನು ದೂರ ಇದ್ದಷ್ಟು ದಿನ ಲಗ್ನವಿಲ್ಲ, ಅಷ್ಟರಲ್ಲಿ ನೀನೇ ಯಾರನ್ನಾದರೂ ಮೆಚ್ಚಿ ಒಲ್ಲೆ ಎಂದು ಬರೆಯುತ್ತೀಯ, ಆಗ ನಿನ್ನ ಪರವಾಗಿ ಜಗಳಾಡೋಣ ಎಂದು ಕಾದೆ. ನಾನು ಕಾಯುತ್ತೇನೆ ಅಂದದ್ದು ಅದನ್ನು. ನೀನು ಹೂ ಮುಡಿದವಳ ಹಾಗೇ ಇದ್ದೇನೆ ಎಂದು ಬರೆದೆ. ಆ ಕಾಗದ ಇಟ್ಟುಕೊಂಡು ಎಷ್ಟೋ ದಿನ ಸಂಕಟಪಟ್ಟೆ.

ನಿನ್ನ ಮನಸ್ಸು ನೋಯುತ್ತದೆ ಎಂದು ಗೊತ್ತು. ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ಶರಣ


ಸಿರುಗುಪ್ಪ
9 ಜುಲೈ 2025

ಸೌಂದಿ,

ನಿನ್ನ ಜೂನ್ ಒಂದನೇ ತಾರೀಕಿನ ಕಾಗದ ಇವತ್ತು ಬಂತು. ನನ್ನದು ಇನ್ನೂ ನಿನಗೆ ಮುಟ್ಟಿರಲಿಕ್ಕಿಲ್ಲ. ಎರಡೂ ಎಲ್ಲೋ ದಾರಿಯಲ್ಲಿ ಎದುರುಬದುರು ಹಾದುಹೋಗಿವೆ.

ಓದಿ ಮಿಲ್ಲಿನ ಹಿಂದೆ ಹೋಗಿ ಹೊಟ್ಟಿನ ರಾಶಿಯ ಹತ್ತಿರ ನಿಂತೆ. ನಿನಗೆ ಬರಬೇಕು ಅನ್ನಿಸುತ್ತಿದ್ದಾಗಲೆಲ್ಲ ನಾನು ಇರು ಇರು ಎಂದು ಬರೆದಿದ್ದೇನೆ. ನಿನಗೆ ಬಿಡುವು ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಹುಡುಗಿಯೊಬ್ಬಳನ್ನು ಚಳಿಯಲ್ಲಿ, ಕೆಮ್ಮುತ್ತ, ಊರ ಹೊರಗೆ ನಿಲ್ಲಿಸಿದವನು ನಾನೇ. ಲಗ್ನವಾದರೂ ಸರಿ ಬರುತ್ತೇನೆ ಎಂದು ಬರೆಯುವಷ್ಟು ದಣಿದಿದ್ದೀಯಲ್ಲ, ಆ ಸಾಲನ್ನು ನಾನು ಮರೆಯುವುದಿಲ್ಲ.

ಬಂದುಬಿಡು. ಲಗ್ನವಿಲ್ಲ, ಏನಿಲ್ಲ. ಸುಮ್ಮನೆ ಬಾ.

ಮಾಮ


ಮಸೇರು
21 ಜುಲೈ 2025

ಮಾಮ,

ನಿನ್ನ 'ಒಲ್ಲೆ' ಶುಕ್ರವಾರ ಬಂತು. ಪ್ಯಾಟರ್ನ್ ಟೇಬಲ್ಲಿನ ಮೇಲೆ ಹರಡಿಕೊಂಡು ಓದಿದೆ. ಮೊದಲು ಸಿಟ್ಟು ಬಂತು. ನನ್ನನ್ನು ಒಲ್ಲೆ ಅನ್ನಲು ಇವನ್ಯಾರು ಅನ್ನಿಸಿತು. ಮೂಗು ಒರೆಸಿದ್ದನ್ನು ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಹೇಳಲೇಬೇಕಿತ್ತಾ? ಆಮೇಲೆ ನಗು ಬಂತು. ಏನಾಯಿತು ಎಂದು ಪಲೇಸಾ ಓಡಿ ಬಂದಳು. "ಮಲೋಮೆ ಒಲ್ಲೆ ಅಂದ" ಎಂದೆ, ಇವರ ಭಾಷೆಯಲ್ಲಿ ಸೋದರಮಾವ ಅಂದ ಹಾಗೆ. ಅವಳು ತಬ್ಬಿಕೊಂಡಳು. ನಾನು ಅಳುತ್ತಿದ್ದೆನಂತೆ, ನನಗೆ ಗೊತ್ತೇ ಆಗಿರಲಿಲ್ಲ. ಮನೆಗೆ ಬಂದು ಮಲಗಿದೆ. ಈ ಊರಿಗೆ ಬಂದ ಮೇಲೆ ಹಾಗೆ ನಿದ್ದೆ ಮಾಡಿರಲಿಲ್ಲ.

ನಿನ್ನೆ ಭಾನುವಾರ ಕುರುಗೋಡಿಗೆ ವಿಡಿಯೊ ಫೋನು ಮಾಡಿದೆ. ಕೆಲವು ವಾರಗಳಿಂದ ಲಗ್ನದ ಮಾತು ತೆಗೆದರೆ ಅವ್ವ ಮಳೆ ಬೆಳೆಯ ಕಡೆ ಹೊರಳಿಸುತ್ತಿದ್ದಳು, ಯಾಕೆಂದು ಈಗ ಗೊತ್ತಾಯಿತು. ಅಜ್ಜಿ ಮಂಚದ ಮೇಲಿದ್ದಳು.

"ಅಜ್ಜಿ, ಸ್ಪೀಕರ್ ಹಾಕು."

"ಹಾಕೀನವ್ವ."

"ಇನ್ನಾ ಜೋರು ಹಾಕು. ಎಲ್ಲಾರೂ ಕೇಳ್ಲಿ. ಮಾಮ ಒಬ್ಬನ ಅಲ್ಲ, ನಾನೂ ಒಲ್ಲೆ. ಅವತ್ತೂ ನನಗ ಮನಸಿರಲಿಲ್ಲ. ಮಾಮನ ಮ್ಯಾಲ ಯಾರೂ ಸಿಟ್ಟಾಗಬ್ಯಾಡ್ರಿ."

ಅವ್ವ "ಯಾರ್ ಹೇಳಿದ್ರು ನಿನಗ?" ಎಂದು ಶುರು ಮಾಡಿದಳು. ಅಜ್ಜಿ ಕೈ ಎತ್ತಿ ಅವಳನ್ನು ನಿಲ್ಲಿಸಿದಳು.

"ಮತ್ತ ಅವತ್ತು ತಲಿ ಯಾಕ ಬಗ್ಗಿಸಿದಿ?"

"ನೀನು ಹೂ ಹಿಡ್ಕಂಡು ಎದುರಿಗೆ ನಿಂತ್ರ ತಲಿ ಬಗ್ಗಿಸ್ದ ಏನ್ ಮಾಡ್ಲಿ ಅಜ್ಜಿ?"

ಅಜ್ಜಿ ಫೋನನ್ನು ಮುಖದ ಹತ್ತಿರ ತಂದುಕೊಂಡಳು. ಆಮೇಲೆ ಅಂದಳು, "ನಾನೂ ಹಂಗ ಬಗ್ಗಿಸಿದ್ನೆವ್ವ." ಅಷ್ಟೇ. ಉಂಡೆಯಾ ಎಂದು ಕೇಳಿ ಫೋನು ಅನುಷಾಳಿಗೆ ಕೊಟ್ಟಳು.

ಅಜ್ಜಿ ಇವತ್ತು ಮಧ್ಯಾಹ್ನ ಶರಣ ಎಲ್ಲಿ ಎಂದು ಕೇಳಿದಳಂತೆ, ಅನುಷಾ ಮೆಸೇಜು ಹಾಕಿದ್ದಾಳೆ. ಅವ್ವ ಇನ್ನೂ ಬುಸುಗುಡುತ್ತಿದ್ದಾಳೆ. ಅದು ಇಷ್ಟು ಬೇಗ ಇಳಿಯುವ ಸಿಟ್ಟಲ್ಲ. ಲಗ್ನಕ್ಕೆ ಒಪ್ಪಿ ನಾನು ಬರೆದ ಕಾಗದ ನಿನಗೆ ಸಿಕ್ಕಿರುತ್ತದೆ, ಹರಿದು ಹಾಕು. ಆದರೆ ಊರಿಗೆ ಬರಬೇಕು ಎಂದು ಬರೆದ ಸಾಲು ಹಾಗೇ ಇದೆ. ಕೆಲಸ ಬಿಡುವ ಅರ್ಜಿ ಕೊಟ್ಟಿದ್ದೇನೆ, ಸೆಪ್ಟೆಂಬರ್ ಕೊನೆಗೆ ಬಿಡುತ್ತಾರೆ. ಬಳ್ಳಾರಿಯಲ್ಲಿ ಯಾವ ಯೂನಿಟ್ಟಾದರೂ ರಟ್ಟು, ಪೆನ್ಸಿಲ್ಲು ಕೊಟ್ಟೇ ಕೊಡುತ್ತದೆ. ಸಾಲದಿದ್ದರೆ ಮತ್ತೆ ಎಲ್ಲಾದರೂ ಹೋಗುತ್ತೇನೆ, ಈ ಸಲ ಹೋಗಬೇಕು ಅನ್ನಿಸಿದರೆ.

ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತೇನೆ. ಬಳ್ಳಾರಿ ಸ್ಟೇಷನ್ನಿಗೆ ನೀನೇ ಬರಬೇಕು, ಬೇರೆ ಯಾರೂ ಬೇಡ. ಹೊರಗೆ ಒಗ್ಗಾಣಿ ಮಿರ್ಚಿ ತಿಂದು ಇಬ್ಬರೂ ನೇರ ಕುರುಗೋಡಿಗೆ ಹೋಗೋಣ. ಅವ್ವ ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಕೂರೋಣ, ಎಷ್ಟು ಹೊತ್ತು ತೆಗೆಯದೆ ಇರುತ್ತಾಳೆ ನೋಡೋಣ. ನನ್ನ ಕೂದಲು ಇಲ್ಲಿಯ ಚಳಿಗೆ ಬಹಳ ಉದುರಿದೆ, ನೋಡಿ ನಗಬೇಡ.

ಸ್ಟೇಷನ್ನಿಗೆ ಬರುವಾಗ ಹೂ ಮಾತ್ರ ತರಬೇಡ.

ಸೌಂದಿ